ವಿಮೆ ಮಾರಲು ಲೈಸೆನ್ಸ್: ಅಮೆರಿಕದ ಕನ್ನಡಿಗರ ಪ್ರಶ್ನೆಗಳು

ಪ್ರಶ್ನೆ: ಮೈಸೂರಿನಲ್ಲಿ ಎಂಟು ವರ್ಷ ಎಲ್‌ಐಸಿ ಏಜೆಂಟ್ ಆಗಿದ್ದೆ. ಈಗ ಯಜಮಾನರ ಜೊತೆ ಟೆಕ್ಸಾಸ್‌ನಲ್ಲಿದ್ದೇನೆ. ಎಚ್-4 ವೀಸಾ, ಕೆಲಸ ಮಾಡಲು ಅನುಮತಿ ಕೊಡುವ ಇಎಡಿ ಕಾರ್ಡ್ ಇದೆ. ಇಲ್ಲಿ ವಿಮೆ ಮಾರಲು ಏನು ಮಾಡಬೇಕು? ಹಳೆಯ ಅನುಭವ ಲೆಕ್ಕಕ್ಕೆ ಬರುತ್ತದೆಯೇ?
— ಓದುಗರು, ಪ್ಲೇನೊ

ಉತ್ತರ: ಗಿರಾಕಿಯ ಮುಂದೆ ಕೂತಾಗ ಬರುತ್ತದೆ, ಲೈಸೆನ್ಸಿಗೆ ಬರುವುದಿಲ್ಲ. ಭಾರತದಲ್ಲಿ ವಿಮಾ ನಿಯಂತ್ರಕ ಐಆರ್‌ಡಿಎಐ ನಿಯಮ ದೇಶಕ್ಕೆಲ್ಲ ಒಂದೇ. ಅಮೆರಿಕದಲ್ಲಿ 1945ರ ಮೆಕ್ಯಾರನ್-ಫರ್ಗ್ಯುಸನ್ ಕಾಯ್ದೆ ವಿಮೆಯ ಉಸ್ತುವಾರಿಯನ್ನು ರಾಜ್ಯಗಳಿಗೇ ಬಿಟ್ಟಿದೆ. ಹಾಗಾಗಿ ರಾಜ್ಯಕ್ಕೊಂದು ರೀತಿ. ನ್ಯೂಯಾರ್ಕ್‌ನಲ್ಲಿ ಜೀವ ಮತ್ತು ಆರೋಗ್ಯ ವಿಮೆ ಎರಡಕ್ಕೂ ಸೇರಿ 40 ಗಂಟೆ ತರಗತಿ ಮುಗಿಸದೆ ಪರೀಕ್ಷೆಗೆ ಕೂರುವಂತಿಲ್ಲ. ಟೆಕ್ಸಾಸ್‌ನಲ್ಲಿ ಕಡ್ಡಾಯ ತರಗತಿಯೇ ಇಲ್ಲ, ನೇರವಾಗಿ ಪರೀಕ್ಷೆ ಬರೆಯಬಹುದು.

ಮೊದಲು ಯಾವ ಲೈಸೆನ್ಸ್ ಎಂದು ತೀರ್ಮಾನಿಸಿ. ಜೀವವಿಮೆಗಷ್ಟೇ ಬೇರೆ ಲೈಸೆನ್ಸ್ ಇದೆ. ಆದರೆ ಜೀವ, ಅಪಘಾತ, ಆರೋಗ್ಯ ಮೂರೂ ಸೇರಿದ ‘ಜನರಲ್ ಲೈನ್ಸ್’ ತೆಗೆದುಕೊಳ್ಳುವುದೇ ಜಾಣತನ. ನಾಳೆ ಗಿರಾಕಿ ಹೆಲ್ತ್ ಪಾಲಿಸಿ ಕೇಳಿದರೆ ಮತ್ತೊಂದು ಪರೀಕ್ಷೆ ತಪ್ಪುತ್ತದೆ. ಕಾರು, ಮನೆಯ ವಿಮೆಗೆ ‘ಪ್ರಾಪರ್ಟಿ ಅಂಡ್ ಕ್ಯಾಶುಯಲ್ಟಿ’ ಎಂಬುದು ಪೂರಾ ಬೇರೆ.

ಪರೀಕ್ಷೆ ನಡೆಸುವ ಕಂಪನಿ ಪಿಯರ್ಸನ್ ವ್ಯೂನಲ್ಲಿ ನೋಂದಾಯಿಸಿ ಪರೀಕ್ಷೆ ಬರೆಯಿರಿ. ಪಾಸಾಗಲು 70 ಅಂಕ ಬೇಕು. ಆಮೇಲೆ ಐಡೆಂಟೊಗೊ ಕೇಂದ್ರದಲ್ಲಿ ಬೆರಳಚ್ಚು, ಬಳಿಕ ಲೈಸೆನ್ಸ್ ಅರ್ಜಿ ಹಾಕುವ ಸರ್ಕಾನ್ ಅಥವಾ ಎನ್‌ಐಪಿಆರ್ ತಾಣದಲ್ಲಿ 50 ಡಾಲರ್ ಕಟ್ಟಿ ಅರ್ಜಿ. ಪಾಸಾದ ಫಲಿತಾಂಶ ಒಂದು ವರ್ಷ ಮಾತ್ರ ಊರ್ಜಿತ. ‘ಆಮೇಲೆ ಹಾಕೋಣ’ ಎಂದು ಊರಿಗೆ ಹೋಗಿ ಕೂತರೆ ಮತ್ತೆ ಪರೀಕ್ಷೆ. ಅರ್ಜಿಯಲ್ಲಿ ಹಳೆಯ ಕ್ರಿಮಿನಲ್ ಪ್ರಕರಣದ ಪ್ರಶ್ನೆ ಬರುತ್ತದೆ. ಎಷ್ಟೇ ಸಣ್ಣದು ಅನ್ನಿಸಿದರೂ ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೇ ಬರೆಯಿರಿ. ಬೆರಳಚ್ಚಿನಿಂದ ಅದು ಹೇಗೂ ಹೊರಬೀಳುತ್ತದೆ, ಮುಚ್ಚಿಟ್ಟದ್ದೇ ಅರ್ಜಿ ತಿರಸ್ಕರಿಸಲು ಕಾರಣವಾಗಬಹುದು.

ಅನುಭವಸ್ಥ ಏಜೆಂಟರು ಎಡವುವುದು ಎರಡು ಕಡೆ. ಒಂದು, ಊರಿನ ನಿಯಮ ತಲೆಯಲ್ಲಿ ಕೂತಿರುತ್ತದೆ. ಭಾರತದಲ್ಲಿ ವಿಮಾ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ಮೂರು ವರ್ಷವಾದ ಮೇಲೆ ಕಂಪನಿ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ. ಇಲ್ಲಿ ಆ ಅವಧಿ ಎರಡು ವರ್ಷ. ಇನ್ನೊಂದು ಆರೋಗ್ಯ ವಿಮೆಯ ಭಾಗ. ಮೆಡಿಕೇರ್ (ಮುಖ್ಯವಾಗಿ ಹಿರಿಯರಿಗೆ ಸರ್ಕಾರದ ಆರೋಗ್ಯ ವಿಮೆ), ಕೋಬ್ರಾ (ಕೆಲಸ ಬಿಟ್ಟ ಮೇಲೂ ಕಂಪನಿಯ ವಿಮೆ ಮುಂದುವರಿಸುವ ಕಾನೂನು), ಎಚ್‌ಎಂಒ (ಗೊತ್ತುಮಾಡಿದ ವೈದ್ಯರ ಜಾಲದೊಳಗೇ ಚಿಕಿತ್ಸೆ ಕೊಡಿಸುವ ಯೋಜನೆ) ಇವೆಲ್ಲ ನಮಗೆ ಹೊಸತು, ಕೈಕೊಡುವುದೂ ಅಲ್ಲೇ. ಓದುವ ಸಮಯದಲ್ಲಿ ಅರ್ಧಕ್ಕಿಂತ ಹೆಚ್ಚು ಇದಕ್ಕೇ ಇಡಿ.

ಲೈಸೆನ್ಸ್ ಬಂದ ಮಾತ್ರಕ್ಕೆ ಮಾರಾಟ ಶುರು ಎಂದಲ್ಲ. ವಿಮಾ ಕಂಪನಿ ನಿಮ್ಮನ್ನು ತನ್ನ ಏಜೆಂಟ್ ಎಂದು ರಾಜ್ಯದ ವಿಮಾ ಇಲಾಖೆಗೆ ತಿಳಿಸಬೇಕು. ಇದಕ್ಕೆ ‘ಅಪಾಯಿಂಟ್‌ಮೆಂಟ್’ ಎನ್ನುತ್ತಾರೆ. ನಿಮ್ಮ ತಪ್ಪಿನಿಂದ ಗಿರಾಕಿಗೆ ನಷ್ಟವಾದರೆ ಕಾಯುವ ‘ಇ ಅಂಡ್ ಒ’ ವಿಮೆಯನ್ನೂ ಹಲವು ಕಂಪನಿಗಳು ಕೇಳುತ್ತವೆ.

ಪ್ರಶ್ನೆ: ಪರೀಕ್ಷಾ ಕೇಂದ್ರದಲ್ಲಿ ಹೆಸರು ಹೊಂದುವುದಿಲ್ಲವೆಂದು ವಾಪಸ್ ಕಳಿಸಿದರು. ಏನು ಮಾಡಲಿ?
— ಓದುಗರು, ಹ್ಯೂಸ್ಟನ್

ಉತ್ತರ: ನಮ್ಮವರಿಗೆ ಇದು ಮಾಮೂಲಿ ತೊಂದರೆ. ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿದ್ದವರ ಹೆಸರು ಪಾಸ್‌ಪೋರ್ಟಿನಲ್ಲಿ ಒಂದು ಥರ, ಡ್ರೈವಿಂಗ್ ಲೈಸೆನ್ಸಿನಲ್ಲಿ ಇನ್ನೊಂದು ಥರ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಮಾತ್ರವಿದ್ದರೆ ಮೊದಲ ಹೆಸರಿನ ಜಾಗದಲ್ಲಿ ಅಮೆರಿಕದ ದಾಖಲೆಗಳಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂದು ಬಂದಿರುತ್ತದೆ. ಅಸಹ್ಯವೆನಿಸಿದರೂ ಗುರುತಿನ ಚೀಟಿಯಲ್ಲಿ ಅದು ಇದ್ದರೆ ನೋಂದಣಿಯಲ್ಲೂ ಹಾಗೇ ಬರೆಯಿರಿ. ಕೇಂದ್ರಕ್ಕೆ ಒಯ್ಯುವ ಚೀಟಿ ಯಾವುದೆಂದು ಮೊದಲೇ ಗೊತ್ತುಮಾಡಿಕೊಂಡು, ಅದರ ಅಕ್ಷರಗಳನ್ನೇ ಪರೀಕ್ಷೆ, ಬೆರಳಚ್ಚು, ಅರ್ಜಿ ಮೂರರಲ್ಲೂ ಹಾಕಿ. ಒಂದು ಕಡೆ ತಪ್ಪಿದರೆ ಮೂರೂ ಒಂದಕ್ಕೊಂದು ಸೇರದೆ ಅರ್ಜಿ ಅಲ್ಲೇ ನಿಲ್ಲುತ್ತದೆ.

ಪ್ರಶ್ನೆ: ನನಗೆ ಟೆಕ್ಸಾಸ್ ಲೈಸೆನ್ಸ್ ಇದೆ. ನ್ಯೂಜೆರ್ಸಿಯ ನಾದಿನಿಗೆ ವಿಡಿಯೋ ಕರೆಯಲ್ಲೇ ಪಾಲಿಸಿ ಮಾಡಿಸಬಹುದೇ? ಮೊದಲ ಪ್ರೀಮಿಯಂ ನಾನೇ ಕಟ್ಟಿಕೊಡೋಣ ಅಂತಿದ್ದೇನೆ.
— ಓದುಗರು, ಆಸ್ಟಿನ್

ಉತ್ತರ: ಈಗಲೇ ಬೇಡ. ನೀವು ಎಲ್ಲಿ ಕೂತು ಮಾತಾಡುತ್ತೀರಿ ಎಂಬುದಷ್ಟೇ ಸಾಲದು, ಗಿರಾಕಿ ಇರುವ ರಾಜ್ಯದ ಲೈಸೆನ್ಸ್ ಬೇಕು. ಸಮಾಧಾನವೆಂದರೆ ಇದಕ್ಕೆ ಮತ್ತೆ ಪರೀಕ್ಷೆ ಇಲ್ಲ. ಟೆಕ್ಸಾಸ್ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ಎನ್‌ಐಪಿಆರ್‌ನಲ್ಲಿ ನ್ಯೂಜೆರ್ಸಿಗೆ ‘ನಾನ್-ರೆಸಿಡೆಂಟ್’ ಅರ್ಜಿ ಹಾಕಿ ಶುಲ್ಕ ಕಟ್ಟಿದರೆ ಆಯಿತು. ಕಂಪನಿಯ ಅಪಾಯಿಂಟ್‌ಮೆಂಟ್ ಆ ರಾಜ್ಯಕ್ಕೂ ಇದೆಯೇ ಎಂದು ಕೇಳಿಕೊಳ್ಳಿ. ಪ್ರೀಮಿಯಂ ಕಟ್ಟಿಕೊಡುವ ಮಾತು ಬಿಟ್ಟುಬಿಡಿ. ಊರಿನಲ್ಲಿ ಇದನ್ನು ತಡೆಯುವ ವಿಮಾ ಕಾಯ್ದೆಯ 41ನೇ ಸೆಕ್ಷನ್ ಇದ್ದೂ ಗಿರಾಕಿಯ ಜೊತೆ ಕಮಿಷನ್ ಹಂಚಿಕೊಳ್ಳುವುದು ನಡೆಯುತ್ತದೆ. ಇಲ್ಲಿ ಬಹುತೇಕ ರಾಜ್ಯಗಳಲ್ಲಿ ಅದು ‘ರಿಬೇಟಿಂಗ್’, ಲೈಸೆನ್ಸಿಗೇ ಕುತ್ತು.

ಪ್ರಶ್ನೆ: ನಾನು ಎಚ್-1ಬಿ. ಸಂಜೆ ಹೊತ್ತು ಪಾರ್ಟ್‌ಟೈಮ್ ಮಾರಬಹುದೇ? ವಿಮೆ ಮಾರುವ ತಂಡದ ಒಬ್ಬ ಟೀಮ್ ಲೀಡರ್ ಪರವಾಗಿಲ್ಲ ಎನ್ನುತ್ತಾರೆ.
— ಓದುಗರು, ಫ್ರಿಸ್ಕೊ

ಉತ್ತರ: ಕೂಡದು. ಎಚ್-1ಬಿ ಅನುಮತಿ ಅರ್ಜಿ ಹಾಕಿದ ಉದ್ಯೋಗದಾತರಲ್ಲಿ ಮಾಡುವ ಆ ಕೆಲಸಕ್ಕೆ ಮಾತ್ರ. ಪರೀಕ್ಷೆ ಪಾಸಾಗಬಹುದು, ಆದರೆ ಕಮಿಷನ್ ಗಳಿಸುವ ಕೆಲಸ ಮಾಡಿದರೆ ವೀಸಾಕ್ಕೇ ಸಂಚಕಾರ. ಟೀಮ್ ಲೀಡರ್ ಸಲಹೆ ಕೇಳುವ ಮುನ್ನ ಇಷ್ಟು ಗಮನಿಸಿ: ನಿಮ್ಮ ಮಾರಾಟದಿಂದ ಅವರಿಗೂ ಪಾಲು ಹೋಗುತ್ತದೆ. ವೀಸಾ ವಿಚಾರವನ್ನು ವಲಸೆ ವಕೀಲರಲ್ಲೇ ಕೇಳಿ.

ಪ್ರಶ್ನೆ: ನವೀಕರಣ ಹೇಗೆ?
— ಓದುಗರು, ಡಲ್ಲಾಸ್

ಉತ್ತರ: ಟೆಕ್ಸಾಸ್‌ನಲ್ಲಿ ಎರಡು ವರ್ಷಕ್ಕೊಮ್ಮೆ. ಅಷ್ಟರೊಳಗೆ 24 ಗಂಟೆ ಮುಂದುವರಿಕೆ ಶಿಕ್ಷಣ ಮುಗಿದಿರಬೇಕು, ಅದರಲ್ಲಿ ನೀತಿಸಂಹಿತೆಯ ಪಾಠವೂ ಸೇರಿರಬೇಕು. ಕಡಿಮೆ ಬಿದ್ದ ಪ್ರತಿ ಗಂಟೆಗೆ 50 ಡಾಲರ್ ದಂಡ. ವಿಳಾಸ ಬದಲಾದರೆ ಇಲಾಖೆಗೆ ತಿಳಿಸಿ. ಇಲ್ಲವಾದರೆ ನೆನಪೋಲೆ ಹಳೆಯ ಅಪಾರ್ಟ್‌ಮೆಂಟಿಗೆ ಹೋಗಿ ಬೀಳುತ್ತದೆ.