ಅಂಗಡಿ ಮೇಲಿನ ಕೋಣೆಯೂ ಚರ್ಚೇ

ಬದಿಯಡ್ಕದ ಓದುಗರೊಬ್ಬರು ಕೇಳಿದ್ದಾರೆ: ‘ನನ್ನ ಜೊತೆ ಕೆಲಸ ಮಾಡುವ ಟೀಚರ್ ಭಾನುವಾರದ ಆರಾಧನೆಗೆ ಕರೆದಿದ್ದಾರೆ. ಅವರು ಸೇರುವುದು ಕಾಸರಗೋಡು ಪೇಟೆಯಲ್ಲಿ, ಅಂಗಡಿಯೊಂದರ ಮೇಲಿನ ಬಾಡಿಗೆ ಕೋಣೆಯಲ್ಲಿ. ಬೇಳದ ಇಗರ್ಜಿ ನೋಡಿಕೊಂಡೇ ಬೆಳೆದವಳು ನಾನು. ಗೋಪುರ ಇಲ್ಲ, ಗಂಟೆ ಇಲ್ಲ, ಇದು ಚರ್ಚ್ ಹೌದಾ? ಹಿಂದೂ ಆದ ನಾನು ಹೋದರೆ ತಪ್ಪಾ? ಮನೆಯವರಿಗೆ ಮತಾಂತರದ ಭಯ. ಮಗಳೂ ಬರುತ್ತೇನೆ ಅನ್ನುತ್ತಿದ್ದಾಳೆ.’

ಸಂಪಾದಕರ ಉತ್ತರ:

ಹೋಗಿ ಬನ್ನಿ. ಪ್ರೀತಿಯಿಂದ ಕರೆದಿದ್ದಾರೆ, ಅದಕ್ಕಿಂತ ಬೇರೆ ಕಾರಣ ಬೇಕಾಗಿಲ್ಲ.

ಬೇಳದ ಇಗರ್ಜಿ 1890ರಲ್ಲಿ ಕಟ್ಟಿದ್ದು. ಅಂಥ ಕಟ್ಟಡ ನೋಡಿದ ಕಣ್ಣಿಗೆ ಬಾಡಿಗೆ ಕೋಣೆ ಚರ್ಚ್ ಅನಿಸದೇ ಇರುವುದು ಸಹಜ. ಆದರೆ ಕ್ರೈಸ್ತರ ಚರಿತ್ರೆಯಲ್ಲಿ ಮೊದಲು ಬಂದದ್ದು ಕೋಣೆ, ಗೋಪುರ ಆಮೇಲೆ. ಗುಡಾರ ಹೊಲಿದು ಬದುಕುತ್ತಿದ್ದ ಪ್ರಿಸ್ಕಿಲ್ಲ, ಅಕ್ವಿಲ ಎಂಬ ದಂಪತಿಯ ಮನೆಯಲ್ಲಿ ಸೇರುತ್ತಿದ್ದ ಸಭೆಗೆ, ಯೇಸುವಿನ ಸಂದೇಶ ಸಾರುತ್ತಾ ಊರೂರು ಸುತ್ತಿದ ಪೌಲ ತನ್ನ ಪತ್ರದಲ್ಲಿ ವಂದನೆ ಹೇಳುತ್ತಾನೆ. ಇನ್ನೊಂದು ಕಡೆ ಅವನು ನಡುರಾತ್ರಿವರೆಗೂ ಮಾತಾಡುತ್ತಾನೆ. ಮೇಲಂತಸ್ತಿನ ಕೋಣೆ, ತುಂಬ ದೀಪಗಳು. ಕಿಟಕಿಯಲ್ಲಿ ಕೂತಿದ್ದ ಹುಡುಗ ನಿದ್ದೆಗೆ ಜಾರಿ ಮೂರನೇ ಅಂತಸ್ತಿನಿಂದ ಕೆಳಗೆ ಬೀಳುತ್ತಾನೆ. ಬೈಬಲಿನ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದ 20ನೇ ಅಧ್ಯಾಯದಲ್ಲಿ ಈ ಕಥೆ ಇದೆ, ಹೋಗುವ ಮುಂಚೆ ಬೇಕಾದರೆ ಓದಿಕೊಳ್ಳಿ.

ಇದು ಬರೀ ಗ್ರಂಥದ ಮಾತಲ್ಲ. ಸಿರಿಯಾದಲ್ಲಿ ಯೂಫ್ರಟಿಸ್ ನದಿಯ ದಡದಲ್ಲಿ ದುರಾ ಯೂರೋಪಸ್ ಅನ್ನುವ ಹಳೇ ಪಟ್ಟಣವಿತ್ತು. 1930ರ ದಶಕದಲ್ಲಿ ಅಲ್ಲಿ ಅಗೆದಾಗ ಒಂದು ಮಾಮೂಲಿ ಮನೆ ಸಿಕ್ಕಿತು. ಮೂರನೇ ಶತಮಾನದ್ದು. ಎರಡು ಕೋಣೆಗಳ ನಡುವಿನ ಗೋಡೆ ಒಡೆದು ಜನ ಕೂರುವಷ್ಟು ಜಾಗ ಮಾಡಿದ್ದರು. ಇನ್ನೊಂದು ಸಣ್ಣ ಕೋಣೆಯಲ್ಲಿ, ಕ್ರೈಸ್ತರಾಗುವವರು ನೀರಿನಲ್ಲಿ ಪಡೆಯುವ ದೀಕ್ಷಾಸ್ನಾನದ ತೊಟ್ಟಿ, ಗೋಡೆ ತುಂಬ ಚಿತ್ರ. ಶತ್ರುಗಳು ಮುತ್ತಿದಾಗ ಊರಿನವರು ಕೋಟೆ ಗೋಡೆ ಗಟ್ಟಿ ಮಾಡಲು ಅದರ ಪಕ್ಕದ ಮನೆಗಳಿಗೆ ಮಣ್ಣು ತುಂಬಿದರು. ಅದರಿಂದಲೇ ಇದು ಉಳಿಯಿತು. 313ರಲ್ಲಿ ರೋಮ್ ಸಾಮ್ರಾಜ್ಯ ಕ್ರೈಸ್ತರಿಗೆ ಬಹಿರಂಗವಾಗಿ ಆರಾಧಿಸುವ ಹಕ್ಕು ಕೊಟ್ಟಿತು. ದೊಡ್ಡ ದೊಡ್ಡ ಚರ್ಚುಗಳು ಎದ್ದದ್ದು ಹೆಚ್ಚಾಗಿ ಆ ಮೇಲೆಯೇ. ನಮ್ಮ ಕಡೆಯ ಎಷ್ಟೋ ಭಜನಾ ಮಂಡಳಿಗಳೂ ಯಾರದೋ ಮನೆಯ ಚಾವಡಿಯಲ್ಲೇ ಶುರುವಾದವು, ಅಲ್ವಾ?

ಈಗಿನ ಸಣ್ಣ ಸಭೆಗಳಿಗೆ ಕಾರಣ ಹೆಚ್ಚಾಗಿ ದುಡ್ಡು. ಬೆರಳೆಣಿಕೆಯ ಕುಟುಂಬಗಳು, ಪೇಟೆಯಲ್ಲಿ ಜಾಗದ ರೇಟು ಕೇಳಬೇಡಿ. ಕಟ್ಟಡ ಮುಖ್ಯವೇ ಅಲ್ಲ ಎಂದು ನಂಬಿ ಬೇಕೆಂದೇ ಸರಳವಾಗಿ ಸೇರುವವರೂ ಇದ್ದಾರೆ.

ಹಿಂದೊಮ್ಮೆ ಸ್ನೇಹಿತರ ಜೊತೆ ಮಂಜೇಶ್ವರ ಕಡೆಯ ಇಂಥದೊಂದು ಸಭೆಗೆ ಹೋಗಿದ್ದೆ. ಮೆಟ್ಟಿಲ ಬುಡದಲ್ಲಿ ಚಪ್ಪಲಿಗಳ ರಾಶಿ. ಒಳಗೆ ಚಾಪೆ, ಗೋಡೆ ಬದಿಗೆ ವಯಸ್ಸಾದವರಿಗೆ ಪ್ಲಾಸ್ಟಿಕ್ ಕುರ್ಚಿ. ಪಾಸ್ಟರ್ ಮಲಯಾಳದಲ್ಲಿ ಒಂದು ವಾಕ್ಯ ಹೇಳುತ್ತಿದ್ದರು, ಪಕ್ಕದಲ್ಲಿ ನಿಂತ ಹುಡುಗಿ ಅದನ್ನು ಕನ್ನಡದಲ್ಲಿ ಹೇಳುತ್ತಿದ್ದಳು. ಒಂದು ಕಡೆ ಪದ ಸಿಗದೆ ಅವಳು ತಡವರಿಸಿದಳು. ಚಾಪೆಯಲ್ಲಿದ್ದ ಒಬ್ಬ ಅಜ್ಜಿ ತುಳುವಿನಲ್ಲಿ ಆ ಪದ ಹೇಳಿಕೊಟ್ಟರು. ಪಾಸ್ಟರ್ ಕಾದರು, ಆಮೇಲೆ ಮುಂದುವರಿಸಿದರು. ಹಿಂದಿನ ಸಾಲಿನ ಒಬ್ಬರಿಗೂ ಅರ್ಥವಾಗದೆ ಹೋಗಬಾರದು ಅನ್ನುವ ಆ ಕಾಳಜಿ ನನಗೆ ತುಂಬ ಹಿಡಿಸಿತು. ಕನ್ನಡ ಉಳಿಸಿಕೊಳ್ಳಲು ದಿನವೂ ಒದ್ದಾಡುವ ನಮ್ಮ ಜಿಲ್ಲೆಯಲ್ಲಿ ಇದು ಸಣ್ಣ ವಿಷಯ ಅಲ್ಲ.

ಅಲ್ಲಿ ಹೇಗಿರಬೇಕು ಅನ್ನುವ ಬಗ್ಗೆ ಒಂದೆರಡು ಮಾತು. ಆರಾಧನೆ ಎರಡು ಗಂಟೆ ದಾಟಬಹುದು, ಬಸ್ಸಿನ ಸಮಯ ನೋಡಿಕೊಂಡು ಹೋಗಿ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂರುವ ರೂಢಿ ಇರಬಹುದು. ಹೆಂಗಸರು ತಲೆ ಮೇಲೆ ಸೆರಗು ಹೊದ್ದುಕೊಳ್ಳುವ ಸಭೆಗಳೂ ಉಂಟು, ನಿಮ್ಮ ಟೀಚರನ್ನೇ ಮೊದಲೇ ಕೇಳಿಬಿಡಿ. ಕೆಲವು ಕಡೆ ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಪ್ರಾರ್ಥಿಸುತ್ತಾರೆ, ಅಳುತ್ತಾರೆ. ಗಾಬರಿ ಬೇಡ. ಸುಮ್ನೆ ಕೂತರೆ ಯಾರೂ ತಪ್ಪು ತಿಳಿಯುವುದಿಲ್ಲ. ಕಾಣಿಕೆ ಚೀಲ ಬಂದರೆ ಹಾಕಲೇಬೇಕೆಂದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಜಾಗ್ರತೆ ಇರಲಿ. ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ ಮತ್ತು ದ್ರಾಕ್ಷಾರಸ ಹಂಚುವ ದಿನವಾಗಿದ್ದರೆ ನೀವು ತೆಗೆದುಕೊಳ್ಳಬೇಡಿ, ತಟ್ಟೆಯನ್ನು ಮುಂದಿನವರಿಗೆ ದಾಟಿಸಿ. ದೇವಸ್ಥಾನದಲ್ಲಿ ಪ್ರಸಾದ ಬೇಡ ಅಂದರೆ ಅಗೌರವ. ಇಲ್ಲಿ ಹಾಗಲ್ಲ. ಸಾಮಾನ್ಯವಾಗಿ ದೀಕ್ಷಾಸ್ನಾನ ಪಡೆದ ವಿಶ್ವಾಸಿಗಳಿಗಷ್ಟೇ ಅದು ಮೀಸಲು. ತೆಗೆದುಕೊಳ್ಳದೆ ಇರುವುದೇ ಅವರ ನಂಬಿಕೆಗೆ ಕೊಡುವ ಮರ್ಯಾದೆ. ಕೊನೆಗೆ ಕೊಡುವ ಚಹಾವನ್ನು ಮಾತ್ರ ಬೇಡ ಅನ್ನಬೇಡಿ.

ಇನ್ನು ಮನೆಯವರ ಭಯ. ಅದನ್ನು ನಾನು ಹಗುರವಾಗಿ ನೋಡುವುದಿಲ್ಲ. ಎರಡು ಗಂಟೆ ಕೂತು ಬಂದರೆ ಯಾರ ಮತವೂ ಬದಲಾಗುವುದಿಲ್ಲ. ಸಂವಿಧಾನದ 25ನೇ ವಿಧಿ ಆ ಸಭೆಯವರಿಗೂ ತಮ್ಮ ಧರ್ಮದ ಬಗ್ಗೆ ಹೇಳುವ ಹಕ್ಕು ಕೊಟ್ಟಿದೆ. ಆದರೆ ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕು ಅದರಲ್ಲಿ ಸೇರಿಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮಗಾಗಿ ಪ್ರಾರ್ಥಿಸಲೇ ಎಂದು ಯಾರಾದರೂ ಕೇಳಬಹುದು. ಮನಸ್ಸಿದ್ದರೆ ಹೂಂ ಅನ್ನಿ, ಇಲ್ಲದಿದ್ದರೆ ಬೇಡ ಅನ್ನಿ. ಒತ್ತಾಯ ಮಾಡಿದರೆ ಎದ್ದು ಬನ್ನಿ. ಆದರೆ ಒತ್ತಾಯ ಮಾಡುತ್ತಾರೆ ಅಂತ ಮೊದಲೇ ತೀರ್ಮಾನ ಮಾಡಿ ಮೆಟ್ಟಿಲು ಹತ್ತಬೇಡಿ. ದಿನವೂ ನಿಮ್ಮ ಜೊತೆ ಊಟ ಹಂಚಿಕೊಳ್ಳುವ ಟೀಚರ್ ಅವರು.

ಮಗಳನ್ನೂ ಕರೆದುಕೊಂಡು ಹೋಗಿ. ಪಾಸ್ಟರ್ ಪ್ರವಚನ ಮಾಡುವ ಹೊತ್ತಿಗೆ ಮಕ್ಕಳನ್ನು ಸಂಡೇ ಸ್ಕೂಲಿಗೆ ಅಂತ ಬೇರೆ ಕಡೆ ಕೂರಿಸುವುದುಂಟು. ಅವಳಿಗೆ ಇಷ್ಟವಿದ್ದರೆ, ನಿಮಗೂ ಒಪ್ಪಿಗೆಯಿದ್ದರೆ ಕಳಿಸಿ. ಇಲ್ಲದಿದ್ದರೆ ಪಕ್ಕದಲ್ಲೇ ಕೂರಿಸಿಕೊಳ್ಳಿ. ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಕೇಳುವ ಪ್ರಶ್ನೆಗಳಿಗೆ ಗೊತ್ತಿದ್ದಷ್ಟು ಉತ್ತರ ಕೊಡಿ, ಉಳಿದದ್ದನ್ನು ಸೋಮವಾರ ಟೀಚರ್ ಹತ್ತಿರವೇ ಕೇಳಬಹುದು.