ಬೆಂಗಳೂರಿನಲ್ಲಿ ಡಿಸೆಂಬರ್‌ನಲ್ಲಿ ಬಾಲ್ಕನಿಯ ಟ್ರೇಯಲ್ಲಿ ಮೆಣಸಿನಕಾಯಿ ಬೀಜ ಹಾಕಿ ಹತ್ತು ದಿನವಾದರೂ ಮೊಳಕೆ ಬಂದಿಲ್ಲ, ಯಾಕೆ?

ಮಣ್ಣು ತಣ್ಣಗಿರುವುದೇ ಹೆಚ್ಚಾಗಿ ಕಾರಣ. ಬೀಜ ಕೆಟ್ಟಿದೆ ಅಂತ ಈಗಲೇ ಎಸೆಯಬೇಡಿ. ಮೆಣಸಿನ ಬೀಜಕ್ಕೆ 25ರಿಂದ 30 ಡಿಗ್ರಿ ಬೆಚ್ಚಗಿನ ಮಣ್ಣು ಬೇಕು. ಅಷ್ಟಿದ್ದರೆ ಎಂಟು-ಹತ್ತು ದಿನಕ್ಕೆ ಮೊಳೆಯುತ್ತದೆ. ನೀವು ಹಾಕಿರುವುದು ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ. ಮೂರು ವಾರ ಹಿಡಿದರೂ ಆಶ್ಚರ್ಯವಿಲ್ಲ.

ನೆನೆಸಿದ ಬೀಜವೊಂದನ್ನು ಬ್ಲೇಡಿನಿಂದ ಸೀಳಿ ನೋಡಿ. ಒಳಗೆ ಎಳೆ ಗಿಡ ಸುರುಳಿ ಸುತ್ತಿಕೊಂಡು ಮಲಗಿರುತ್ತದೆ. ಅದರ ಸುತ್ತ ಆಹಾರ ತುಂಬಿದ ಗಟ್ಟಿ ಪದರ. ಬೇರಿನ ತುದಿ ಅದನ್ನು ಭೇದಿಸಿಕೊಂಡೇ ಹೊರಬರಬೇಕು. ಆ ಪದರವನ್ನು ಮೆತ್ತಗಾಗಿಸುವುದು ಬೀಜದೊಳಗಿನ ಕಿಣ್ವಗಳು, ಅಂದರೆ ಜೀವಕೋಶದ ಕೆಲಸಕ್ಕೆ ವೇಗ ಕೊಡುವ ವಸ್ತುಗಳು. ಚಳಿಯಲ್ಲಿ ಅವುಗಳ ಕೆಲಸ ತುಂಬಾ ನಿಧಾನ. ಚಳಿಗಾಲದಲ್ಲಿ ದೋಸೆ ಹಿಟ್ಟು ಹುದುಗು ಬರಲು ತಡವಾಗುತ್ತದಲ್ವಾ, ಹಾಗೇ.

ಆದ್ದರಿಂದ ಟ್ರೇಯನ್ನು ಬಾಲ್ಕನಿಯಿಂದ ಅಡುಗೆಮನೆಯ ಬೆಚ್ಚಗಿನ ಮೂಲೆಗೆ ತನ್ನಿ. ಮೇಲೆ ಪ್ಲಾಸ್ಟಿಕ್ ಹಾಳೆ ಸಡಿಲವಾಗಿ ಮುಚ್ಚಿ. ಬೀಜ ಅರ್ಧ ಸೆಂಟಿಮೀಟರ್ ಆಳದಲ್ಲಿದ್ದರೆ ಸಾಕು. ನೀರು ಮಾತ್ರ ಜಾಸ್ತಿ ಬೇಡ. ತಣ್ಣಗೆ ಒದ್ದೆಯಾಗಿರುವ ಮಣ್ಣಿನಲ್ಲಿ ಬೀಜ ಕೊಳೆತೇ ಹೋಗಬಹುದು.

ಅಂಗಡಿಯ ಒಣಮೆಣಸಿನಕಾಯಿಯಿಂದ ತೆಗೆದ ಬೀಜವಾದರೆ ವಿಷಯ ಬೇರೆ. ಕಾಯಿ ಹಳೆಯದಾಗಿದ್ದರೆ ಅಥವಾ ಜಾಸ್ತಿ ಬಿಸಿಯಲ್ಲಿ ಒಣಗಿಸಿದ್ದರೆ ಬೀಜದಲ್ಲಿ ಜೀವವೇ ಇಲ್ಲದಿರಬಹುದು. ಹಾಗಿದ್ದರೆ ಗಿಡದಲ್ಲೇ ಪೂರ್ತಿ ಕೆಂಪಾದ ಹಣ್ಣಿನ ಬೀಜ ತೆಗೆದು, ನೆರಳಲ್ಲಿ ಒಣಗಿಸಿ ಹಾಕಿ.

ಮೊಳಕೆ ಬಾಗಿದ ಕೊಕ್ಕೆಯ ಹಾಗೆ ಮೇಲೇಳುತ್ತದೆ, ಕೆಲವೊಮ್ಮೆ ಸಿಪ್ಪೆಯನ್ನು ಟೋಪಿಯಂತೆ ಹೊತ್ತುಕೊಂಡೇ. ಆ ಸಿಪ್ಪೆಯನ್ನು ಕೀಳಬೇಡಿ. ಒಂದು ಹನಿ ನೀರು ಬಿಟ್ಟರೆ ಮೆತ್ತಗಾಗಿ ತಾನೇ ಉದುರುತ್ತದೆ.