ನಾರ್ದರ್ನ್ ವರ್ಜೀನಿಯಾ ಕಮ್ಯುನಿಟಿ ಕಾಲೇಜನ್ನು ‘ನೋವಾ’ ಎಂದು ಕರೆಯುವುದೇಕೆ? ಊರಿನಲ್ಲಿ ಅದಕ್ಕೆ ಎಂಥ ಸ್ಥಾನವಿದೆ?

ಅಮೆರಿಕದ ರಾಜಧಾನಿ ವಾಷಿಂಗ್ಟನ್ ಪಕ್ಕದ ನಾರ್ದರ್ನ್ ವರ್ಜೀನಿಯಾ ಪ್ರದೇಶವನ್ನೇ ಜನ ಚುಟುಕಾಗಿ ‘ನೋವಾ’ (ನಾರ್ದರ್ನ್‌ನ ‘ನೋ’, ವರ್ಜೀನಿಯಾದ ‘ವಾ’) ಎನ್ನುತ್ತಾರೆ. ಕಾಲೇಜಿಗೂ ಅದೇ ಹೆಸರು ಅಂಟಿಕೊಂಡಿದೆ. ‘ಎನ್‌ವಿಸಿಸಿ’ ಎನ್ನುವವರೂ ಇದ್ದಾರೆ. (ಬಾಸ್ಕೆಟ್‌ಬಾಲ್ ಮಾತಿನ ನಡುವೆ ‘ನೋವಾ’ ಎಂದರೆ ಪೆನ್ಸಿಲ್ವೇನಿಯಾದ ವಿಲ್ಲನೋವಾ ವಿಶ್ವವಿದ್ಯಾಲಯ, ಎಚ್ಚರವಿರಲಿ.)

ಅಮೆರಿಕದಲ್ಲಿ ಕಮ್ಯುನಿಟಿ ಕಾಲೇಜುಗಳನ್ನೆಲ್ಲ (ಎರಡು ವರ್ಷಗಳ ಸ್ಥಳೀಯ ಕಾಲೇಜುಗಳು) ಹೈಸ್ಕೂಲಿನ ಮುಂದುವರಿಕೆಯೆಂಬಂತೆ ‘ಹದಿಮೂರನೇ ತರಗತಿ’ ಎಂದು ಲೇವಡಿ ಮಾಡುವುದುಂಟು. ನನಗದು ಬರೀ ಒಣಜಂಬವಾಗಿ ಕಾಣುತ್ತದೆ. ನೋವಾದಲ್ಲಿ ಕಡಿಮೆ ಶುಲ್ಕದಲ್ಲಿ ಎರಡು ವರ್ಷ ಓದಿ ನಿಗದಿತ ಅಂಕ ಪಡೆದವರಿಗೆ ವರ್ಜೀನಿಯಾ ವಿಶ್ವವಿದ್ಯಾಲಯ, ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಂಥ ಕಡೆ ಪ್ರವೇಶ ಖಾತರಿಪಡಿಸುವ ಒಪ್ಪಂದಗಳಿವೆ. ನರ್ಸಿಂಗ್ ಕಲಿಯುವವರು, ಕೆಲಸ ಮುಗಿಸಿ ಸಂಜೆ ತರಗತಿಗೆ ಬರುವವರು, ಇಂಗ್ಲಿಷ್ ರೂಢಿಸಿಕೊಳ್ಳುತ್ತಿರುವ ವಲಸಿಗರು ಎಲ್ಲರಿಗೂ ಇಲ್ಲಿ ಜಾಗವಿದೆ. ಜಿಲ್ ಬೈಡನ್ 2009ರಲ್ಲಿ ಇಲ್ಲಿ ಇಂಗ್ಲಿಷ್ ಬೋಧಿಸಲು ಸೇರಿದರು. ಪತಿ ಜೋ ಬೈಡನ್ ಅಮೆರಿಕದ ಅಧ್ಯಕ್ಷರಾದ ಮೇಲೂ ಪಾಠ ಬಿಡಲಿಲ್ಲ.